ನೀರು ಕುದಿದಾಗ ಒಡೆಯುವುದು ಏನು? ರಾಸಾಯನಿಕ ಬಂಧ ಓದಲು ಒಂದು ದಾರಿ

ಕಳೆದ ಮಳೆಗಾಲದಲ್ಲಿ ನಮ್ಮ ಮನೆ ಜಗಲಿಗೆ ಟ್ಯೂಶನ್ನಿಗೆ ಬರುವ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹೀಗೆ ಬರೆದಿದ್ದಳು: "ನೀರು ಕುದಿದಾಗ ಅದರ ಬಂಧಗಳು ಒಡೆದು ಹೈಡ್ರೋಜನ್ ಮತ್ತು ಆಕ್ಸಿಜನ್ ಬೇರೆ ಬೇರೆಯಾಗುತ್ತವೆ." ಅಕ್ಷರ ಮುತ್ತಿನ ಹಾಗಿತ್ತು. ಉತ್ತರ ಪೂರ್ತಿ ತಪ್ಪು.

"ಬೆಳಿಗ್ಗೆ ಮನೆಯಲ್ಲಿ ಗಂಜಿ ಬೇಯಿಸ್ತಾರಲ್ಲ, ಮುಚ್ಚಳ ತೆಗೆದರೆ ಅದರ ಒಳಬದಿಯಲ್ಲಿ ಏನಿರ್ತದೆ?" ಅಂತ ಕೇಳಿದೆ.

"ನೀರು, ಟೀಚರೇ."

"ನೀರಿನ ಬದಲು ಹೈಡ್ರೋಜನ್, ಆಕ್ಸಿಜನ್ ಇದ್ದಿದ್ದರೆ? ಕೆಳಗೆ ಒಲೆ ಉರೀತಾ ಇದೆ."

ಸ್ವಲ್ಪ ಹೊತ್ತು ಯೋಚಿಸಿ ನಕ್ಕಳು. "ಅಡುಗೆಮನೆಯೇ ಇರ್ತಿರ್ಲಿಲ್ಲ."

ಈ ತಪ್ಪು ಅವಳೊಬ್ಬಳದ್ದಲ್ಲ. ಪ್ಲಸ್ ಒನ್, ಅಂದರೆ ಹನ್ನೊಂದನೇ ಕ್ಲಾಸು ಮುಗಿಸಿದವರೂ ಇದನ್ನೇ ಬರೆಯುತ್ತಾರೆ. ನಾನೂ ಆ ವಯಸ್ಸಿನಲ್ಲಿ ಬರೆದು ಎರಡು ಮಾರ್ಕು ಕಳೆದುಕೊಂಡಿದ್ದೆ. ಕಾರಣ ಇಷ್ಟೇ. ಅಣುವಿನ ಒಳಗೆ ಪರಮಾಣುಗಳನ್ನು ಹಿಡಿದಿಡುವುದು ಒಂದು, ಒಂದು ಅಣುವನ್ನು ಇನ್ನೊಂದು ಅಣು ಹಿಡಿದುಕೊಳ್ಳುವುದು ಇನ್ನೊಂದು. ನಾವು ಎರಡನ್ನೂ ಕಲಸಿ ಒಂದೇ ಪಾತ್ರೆಗೆ ಹಾಕುತ್ತೇವೆ. ಎರಡನೆಯದರಲ್ಲಿ ಒಂದಕ್ಕೆ 'ಹೈಡ್ರೋಜನ್ ಬಂಧ' ಅಂತ ಹೆಸರಿಟ್ಟದ್ದು ಗೊಂದಲವನ್ನು ಇನ್ನೂ ಹೆಚ್ಚಿಸಿದೆ.

ನಾನು ಮಕ್ಕಳಿಗೆ ಹೇಳುವುದು ಅಡಿಕೆ ಗೋಣಿಯ ಲೆಕ್ಕ. ಸುಲಿದ ಅಡಿಕೆ ತುಂಬಿದ ಗೋಣಿಯ ಬಾಯಿ ಬಿಚ್ಚಿ ಓರೆ ಮಾಡಿದರೆ ಅಡಿಕೆಗಳು ಉರುಳಿ ಹರಡುತ್ತವೆ. ಒಂದೊಂದು ಅಡಿಕೆಯೂ ಇಡಿಯಾಗಿಯೇ ಇರುತ್ತದೆ. ಕುದಿಯುವುದು ಅಂದರೆ ಇದು. ಅಡಿಕೆಯನ್ನೇ ಹೋಳು ಮಾಡಬೇಕಾದರೆ ಅಡಕತ್ತರಿ ಬೇಕು. ನೀರಿನ ಅಣುವನ್ನು ಒಡೆಯಬೇಕಾದರೆ ವಿದ್ಯುತ್ ಹಾಯಿಸಬೇಕು, ಅಥವಾ ಎರಡು ಸಾವಿರ ಡಿಗ್ರಿಗೂ ಮೀರಿದ ಬಿಸಿ ಬೇಕು. ಒಲೆಯ ಮೇಲಿನ ಗಂಜಿಗೆ ಅದು ಆಗುವ ಕೆಲಸ ಅಲ್ಲ.

ಇನ್ನು ಮುಂದೆ ಹೇಳುವ ಹೆಜ್ಜೆಗಳೆಲ್ಲ ಈ ಎರಡನ್ನೂ ಬೇರೆ ಬೇರೆ ಇಡುವುದಕ್ಕೆ. ಒಂದು ನೋಟ್‌ಪುಸ್ತಕ ತೆಗೆದುಕೊಳ್ಳಿ. ಎಡಪುಟದಲ್ಲಿ 'ಒಳಗೆ', ಬಲಪುಟದಲ್ಲಿ 'ನಡುವೆ' ಅಂತ ಬರೆಯಿರಿ. ಯಾವ ವಸ್ತು ಬಂದರೂ ಎರಡೂ ಪುಟಕ್ಕೆ ಏನು ಬರುತ್ತದೆ ಅಂತ ಕೇಳಿ.

ಮೊದಲ ಹೆಜ್ಜೆ: ಅಣು ಇದೆಯೋ ಇಲ್ಲವೋ ಕೇಳಿ

ಹೆಚ್ಚಿನವರು ಈ ಪ್ರಶ್ನೆಯನ್ನು ಕೇಳುವುದೇ ಇಲ್ಲ. ಸೀದಾ ಎಲೆಕ್ಟ್ರಾನಿನ ಚುಕ್ಕೆ ಹಾಕಲು ಕೂತುಬಿಡುತ್ತಾರೆ.

ಅಡುಗೆಮನೆಯಿಂದ ಒಂದು ಚಿಟಿಕೆ ಉಪ್ಪು, ಒಂದು ಚಿಟಿಕೆ ಸಕ್ಕರೆ ತನ್ನಿ. ಎರಡೂ ಬಿಳಿ, ಎರಡೂ ಹರಳು, ಎರಡೂ ನೀರಿನಲ್ಲಿ ಕರಗುತ್ತವೆ. ದೊಡ್ಡವರು ಯಾರಾದರೂ ಪಕ್ಕದಲ್ಲಿರುವಾಗ ಹಳೆಯ ಸೌಟಿನಲ್ಲಿ ಸಕ್ಕರೆ ಹಾಕಿ ಒಲೆಯ ಮೇಲೆ ಹಿಡಿಯಿರಿ. ಸ್ವಲ್ಪ ಹೊತ್ತಿಗೆ ಕರಗಿ ಪಾಕವಾಗುತ್ತದೆ, ಆಮೇಲೆ ಕಂದಾಗುತ್ತದೆ. ಉಪ್ಪನ್ನು ಹಾಗೆ ಹಿಡಿದರೆ ಚಟಪಟ ಸದ್ದು ಮಾಡಬಹುದು, ಆದರೆ ಕರಗುವುದಿಲ್ಲ. ಉಪ್ಪು ಕರಗಲು 801 ಡಿಗ್ರಿ ಸೆಲ್ಸಿಯಸ್ ಬೇಕು.

ಸಕ್ಕರೆಯಲ್ಲಿ ಅಣುಗಳಿವೆ. ಒಂದು ಅಣು, ಪಕ್ಕದಲ್ಲಿ ಇನ್ನೊಂದು ಅಣು, ನಡುವೆ ಸಾಧಾರಣ ಹಿಡಿತ. ಉಪ್ಪಿನಲ್ಲಿ 'ಒಂದು ಉಪ್ಪಿನ ಅಣು' ಅಂತ ಬೆರಳಿಟ್ಟು ತೋರಿಸುವ ವಸ್ತುವೇ ಇಲ್ಲ. ಅಯಾನು ಅಂದರೆ ಎಲೆಕ್ಟ್ರಾನ್ ಕೊಟ್ಟೋ ಪಡೆದೋ ವಿದ್ಯುದಂಶ ಹೊತ್ತ ಕಣ. ಸೋಡಿಯಂ ಅಯಾನು, ಕ್ಲೋರೈಡ್ ಅಯಾನು, ಮತ್ತೆ ಸೋಡಿಯಂ ಅಂತ ಎಲ್ಲಾ ಕಡೆಗೂ ಕಟ್ಟಿಕೊಂಡು ಹೋದ ಮುರಕಲ್ಲಿನ ಗೋಡೆ ಅದು. ಒಂದೊಂದು ಸೋಡಿಯಮ್ಮಿನ ಸುತ್ತ ಆರು ಕ್ಲೋರೈಡ್, ಒಂದೊಂದು ಕ್ಲೋರೈಡಿನ ಸುತ್ತ ಆರು ಸೋಡಿಯಂ. ಗೋಡೆಯಲ್ಲಿ ಗೋಣಿ ಬಿಚ್ಚುವ ಪ್ರಶ್ನೆ ಎಲ್ಲಿ ಬಂತು? ಉಪ್ಪನ್ನು ಕರಗಿಸಬೇಕೆಂದರೆ ಅಯಾನುಗಳ ನಡುವಿನ ಅಯಾನಿಕ ಬಂಧವನ್ನೇ ಸಡಿಲಿಸಬೇಕು. ಹಾಗಾಗಿ ಉಪ್ಪಿಗೆ ನಿಮ್ಮ ನೋಟ್‌ಪುಸ್ತಕದ ಬಲಪುಟ ಖಾಲಿ. ಅದನ್ನು ಖಾಲಿ ಬಿಡಲು ಹೆದರಬೇಡಿ.

ಒಂದು ಎಚ್ಚರಿಕೆ. ಸಕ್ಕರೆ ಕಂದಾಗಿ, ಕೊನೆಗೆ ಕಪ್ಪಾಗುತ್ತದಲ್ಲ, ಆ ಹಂತದಲ್ಲಿ ಅಣುವೇ ಒಡೆಯುತ್ತಿರುತ್ತದೆ. ಕರಗುವುದು ಬೇರೆ, ಕರಟುವುದು ಬೇರೆ.

ಗುರುತಿಸಲು ಸುಲಭದ ಸೂತ್ರ ನಿಮಗೆ ಗೊತ್ತೇ ಇದೆ. ಲೋಹ ಮತ್ತು ಅಲೋಹ ಸೇರಿದರೆ ಹೆಚ್ಚಾಗಿ ಅಯಾನಿಕ, ಅಲೋಹಗಳೇ ಸೇರಿದರೆ ಸಹವೇಲೆನ್ಸಿ (ಎಲೆಕ್ಟ್ರಾನ್ ಜೋಡಿಯನ್ನು ಪಾಲಿಗಿಟ್ಟ ಬಂಧ), ಲೋಹ ಮಾತ್ರ ಇದ್ದರೆ ಲೋಹೀಯ ಬಂಧ. 'ಹೆಚ್ಚಾಗಿ' ಅನ್ನುವ ಮಾತು ಮರೆಯಬೇಡಿ. ಸಹವೇಲೆನ್ಸಿ ಅಂದ ಮಾತ್ರಕ್ಕೆ ಅಣು ಇರಲೇಬೇಕೆಂದೂ ಇಲ್ಲ. ವಜ್ರ ಅಲೋಹವೇ, ಆದರೆ ಅದರಲ್ಲೂ ಬಿಡಿ ಅಣುಗಳಿಲ್ಲ. ಕಾರ್ಬನ್ನಿಗೆ ಕಾರ್ಬನ್ ಕಟ್ಟಿ ಕಟ್ಟಿ ಆದ ಗೋಡೆ ಅದು.

ಎರಡನೇ ಹೆಜ್ಜೆ: ಚುಕ್ಕೆ ಹಾಕುವ ಮೊದಲು ಲೆಕ್ಕ ಹಾಕಿ

ಹೊರಕವಚದ ಎಲೆಕ್ಟ್ರಾನ್‌ಗಳನ್ನು ಚುಕ್ಕೆಯಾಗಿ ತೋರಿಸುವ ಚಿತ್ರವನ್ನು ರಸಾಯನ ವಿಜ್ಞಾನಿ ಜಿ. ಎನ್. ಲೂಯಿಸ್ ಲೋಕಕ್ಕೆ ಕೊಟ್ಟದ್ದು 1916ರಲ್ಲಿ. ನಮ್ಮ ಕಾಸರಗೋಡಿನಲ್ಲಿ ತೆಂಗಿನ ಸಂಶೋಧನಾ ಕೇಂದ್ರ, ಅಂದರೆ ಇವತ್ತಿನ ಸಿಪಿಸಿಆರ್‌ಐ, ಶುರುವಾದದ್ದೂ ಅದೇ ವರ್ಷ. ಇಸವಿ ನೆನಪಿಡಲು ನಮ್ಮೂರಿನ ಮಕ್ಕಳಿಗೆ ಇಷ್ಟು ಸಾಕು.

ಕಾರ್ಬನ್ ಡೈಆಕ್ಸೈಡ್ ತೆಗೆದುಕೊಳ್ಳೋಣ. ಕಾರ್ಬನ್ನಿನ ಹೊರಕವಚದಲ್ಲಿ 4 ಎಲೆಕ್ಟ್ರಾನ್, ಎರಡು ಆಕ್ಸಿಜನ್‌ಗಳಲ್ಲಿ 6 ಮತ್ತು 6. ಒಟ್ಟು 16. ಈ ಸಂಖ್ಯೆಯನ್ನು ಪುಟದ ಮೂಲೆಯಲ್ಲಿ ಬರೆದು ಸುತ್ತ ಗೆರೆ ಹಾಕಿ. ಕಾರ್ಬನ್ ನಡುವೆ ಇಡಿ, ಅತ್ತಿತ್ತ ಆಕ್ಸಿಜನ್. ಒಂದೊಂದು ಜೋಡಿ ಎಲೆಕ್ಟ್ರಾನ್ ಹಾಕಿ ಸೇರಿಸಿ. 4 ಖರ್ಚಾಯಿತು, 12 ಉಳಿಯಿತು. ಒಂದೊಂದು ಪರಮಾಣುವಿನ ಸುತ್ತ ಎಂಟು ಆಗಬೇಕು ಅನ್ನುವುದು ಎಂಟರ ನಿಯಮ. ಉಳಿದದ್ದನ್ನು ಮೊದಲು ಹೊರಗಿನವರಿಗೆ ಹಂಚಿ. ಆಕ್ಸಿಜನ್‌ಗಳಿಗೆ ಎಂಟು ಎಂಟು ತುಂಬಿತು, ಆದರೆ ಕಾರ್ಬನ್ನಿಗೆ ನಾಲ್ಕೇ. ಹೊಸ ಎಲೆಕ್ಟ್ರಾನ್ ತರುವ ಹಾಗಿಲ್ಲ, ಲೆಕ್ಕ 16ಕ್ಕೆ ಮುಗಿದಿದೆ. ಹಾಗಾಗಿ ಒಂದೊಂದು ಆಕ್ಸಿಜನ್ನೂ ತನ್ನ ಒಂದು ಜೋಡಿಯನ್ನು ಪಾಲಿಗೆ ಕೊಡಬೇಕು. ಎರಡೂ ಕಡೆ ದ್ವಿಬಂಧ ಬಂತು. ದ್ವಿಬಂಧವನ್ನು ಬಾಯಿಪಾಠ ಮಾಡಬೇಕಾಗಿಯೇ ಇಲ್ಲ, ಲೆಕ್ಕವೇ ಅದನ್ನು ತಂದುಕೊಡುತ್ತದೆ.

ಎಂಟರ ನಿಯಮ ಎಲ್ಲಾ ಕಡೆ ನಡೆಯುವುದಿಲ್ಲ. ಬೋರಾನ್ ಟ್ರೈಫ್ಲೋರೈಡಿನಲ್ಲಿ ಬೋರಾನ್ ಸುತ್ತ ಆರೇ ಇರುತ್ತವೆ, ಸಲ್ಫರ್ ಹೆಕ್ಸಾಫ್ಲೋರೈಡಿನಲ್ಲಿ ಸಲ್ಫರ್ ಸುತ್ತ ಹನ್ನೆರಡು. ಪರೀಕ್ಷೆಗೆ ಈ ಎರಡು ನೆನಪಿದ್ದರೆ ಸಾಕು.

ಮೂರನೇ ಹೆಜ್ಜೆ: ಯಾರು ಎಳೆಯುತ್ತಾರೆ, ಯಾವ ಕಡೆಗೆ?

ಪಾಲು ಅಂದರೆ ಸಮಪಾಲು ಅಂತ ಅಲ್ಲ. ಪಾಲಿಗಿಟ್ಟ ಎಲೆಕ್ಟ್ರಾನನ್ನು ತನ್ನ ಕಡೆಗೆ ಎಳೆದುಕೊಳ್ಳುವ ಜೋರು ಒಬ್ಬೊಬ್ಬರದ್ದು ಒಂದೊಂದು ಥರ. ಇದಕ್ಕೆ ಎಲೆಕ್ಟ್ರೋನೆಗೆಟಿವಿಟಿ ಅನ್ನುತ್ತಾರೆ. ಲೈನಸ್ ಪೌಲಿಂಗ್ 1932ರಲ್ಲಿ ಇದಕ್ಕೊಂದು ಅಳತೆ ಕೊಟ್ಟರು. ಇಡೀ ಕೋಷ್ಟಕ ಕಲಿಯಬೇಡಿ, ಸುಮ್ನೆ ದಂಡ. ಇಷ್ಟು ಸಾಕು: ಫ್ಲೋರಿನ್ 4.0, ಆಕ್ಸಿಜನ್ 3.5, ನೈಟ್ರೋಜನ್ ಮತ್ತು ಕ್ಲೋರಿನ್ 3.0, ಕಾರ್ಬನ್ 2.5, ಹೈಡ್ರೋಜನ್ 2.1, ಸೋಡಿಯಂ 0.9.

ವ್ಯತ್ಯಾಸ 1.7ಕ್ಕಿಂತ ಜಾಸ್ತಿಯಾದರೆ ಅಯಾನಿಕ ಅಂತ ಗೈಡುಗಳಲ್ಲಿ ಇರುತ್ತದೆ. ಅದು ಅಂದಾಜು ಮಾತ್ರ. ಹೈಡ್ರೋಜನ್ ಫ್ಲೋರೈಡಿನಲ್ಲಿ ವ್ಯತ್ಯಾಸ 1.9, ಆದರೂ ಅದು ಸಹವೇಲೆನ್ಸಿಯೇ. ಸಂಶಯ ಬಂದರೆ ಮೊದಲ ಹೆಜ್ಜೆಯ ಪ್ರಶ್ನೆಗೇ ವಾಪಸ್ ಹೋಗಿ: ಅಣು ಇದೆಯಾ?

ಎಳೆತ ಇದ್ದ ಮಾತ್ರಕ್ಕೆ ಇಡೀ ಅಣು ಧ್ರುವೀಯ, ಅಂದರೆ ಒಂದು ತುದಿ ಸ್ವಲ್ಪ ಧನ ಇನ್ನೊಂದು ಸ್ವಲ್ಪ ಋಣ, ಆಗುವುದಿಲ್ಲ. ಆಕಾರ ನೋಡಬೇಕು. ಕಾರ್ಬನ್ ಡೈಆಕ್ಸೈಡ್ ನೇರ ಗೆರೆಯ ಹಾಗಿದೆ. ಎರಡೂ ಬದಿಯ ಆಕ್ಸಿಜನ್‌ಗಳು ಸಮ ಜೋರಿನಲ್ಲಿ ಎಳೆಯುತ್ತವೆ. ಹಗ್ಗಜಗ್ಗಾಟದಲ್ಲಿ ಎರಡೂ ತಂಡ ಸಮಬಲವಾದರೆ ಹಗ್ಗ ಅಲ್ಲಾಡುವುದಿಲ್ಲ, ಅಲ್ವಾ? ನೀರು ಹಾಗಲ್ಲ, ಅದು ಬಾಗಿದ ಅಣು. ಎರಡು ಬಂಧಗಳ ನಡುವಿನ ಕೋನ 104.5 ಡಿಗ್ರಿ. ಆಕ್ಸಿಜನ್ ಇರುವ ಕಡೆ ಸ್ವಲ್ಪ ಋಣ, ಹೈಡ್ರೋಜನ್‌ಗಳ ಕಡೆ ಸ್ವಲ್ಪ ಧನ. ಈ 'ಸ್ವಲ್ಪ' ಇಲ್ಲದಿದ್ದರೆ ಕಡಲಿನ ನೀರು ಉಪ್ಪಾಗುತ್ತಿರಲಿಲ್ಲ. ನೀರಿನ ಋಣ ತುದಿ ಸೋಡಿಯಮ್ಮನ್ನು, ಧನ ತುದಿ ಕ್ಲೋರೈಡನ್ನು ಸುತ್ತುವರಿದು ಗೋಡೆಯಿಂದ ಕಲ್ಲು ಕಿತ್ತ ಹಾಗೆ ಒಂದೊಂದಾಗಿ ಕೊಂಡೊಯ್ಯುತ್ತದೆ.

ನಾಲ್ಕನೇ ಹೆಜ್ಜೆ: ಬಲಪುಟ ತುಂಬಿಸುವುದು

ಇಲ್ಲಿ ನಿಧಾನಕ್ಕೆ ಹೋಗೋಣ. 'ದ್ರವ್ಯದ ಸ್ಥಿತಿಗಳು' ಅಧ್ಯಾಯ ಎನ್‌ಸಿಇಆರ್‌ಟಿಯ ಹನ್ನೊಂದನೇ ತರಗತಿ ಪುಸ್ತಕದಿಂದ ಹೋದ ಮೇಲೆ ಅಣುಗಳ ನಡುವಿನ ಬಲಗಳಿಗೆ ಪಾಠದಲ್ಲಿ ಜಾಗ ಕಡಿಮೆಯಾಗಿದೆ. ಆದರೆ ಕುದಿಬಿಂದುವಿನ ಪ್ರಶ್ನೆಗಳು ಎಲ್ಲಿಗೂ ಹೋಗಿಲ್ಲ.

ಬಲಗಳು ಮುಖ್ಯವಾಗಿ ಮೂರು. ಎಲ್ಲಾ ಅಣುಗಳಲ್ಲೂ ಇರುವುದು ಲಂಡನ್ ಬಲ. ಇದು ಊರಿನ ಹೆಸರಲ್ಲ, 1930ರಲ್ಲಿ ಇದನ್ನು ವಿವರಿಸಿದ ಫ್ರಿಟ್ಜ್ ಲಂಡನ್ ಅವರ ಹೆಸರು. ಅಣುವಿನ ಎಲೆಕ್ಟ್ರಾನ್ ಮೋಡ ಒಂದು ಕ್ಷಣ ಅತ್ತ, ಒಂದು ಕ್ಷಣ ಇತ್ತ ವಾಲುತ್ತದೆ. ಆ ಕ್ಷಣದ ವಾಲಿಕೆ ಪಕ್ಕದ ಅಣುವನ್ನೂ ವಾಲಿಸುತ್ತದೆ, ಎರಡೂ ಚೂರು ಆಕರ್ಷಿಸಿಕೊಳ್ಳುತ್ತವೆ. ಎರಡನೆಯದು ಧ್ರುವೀಯ ಅಣುಗಳ ನಡುವಿನ ಆಕರ್ಷಣೆ. ಮೂರನೆಯದು ಹೈಡ್ರೋಜನ್ ಬಂಧ. ಫ್ಲೋರಿನ್, ಆಕ್ಸಿಜನ್ ಅಥವಾ ನೈಟ್ರೋಜನ್‌ಗೆ ನೇರವಾಗಿ ಕಟ್ಟಿದ ಹೈಡ್ರೋಜನ್ ಇದ್ದರೆ ಮಾತ್ರ ಇದು ಗಟ್ಟಿಯಾಗಿ ಬರುತ್ತದೆ. 'ನೇರವಾಗಿ' ಅನ್ನುವುದಕ್ಕೆ ಎರಡು ಅಡಿಗೆರೆ ಎಳೆಯಿರಿ. ಅಸಿಟೋನ್‌ನಲ್ಲಿ ಆಕ್ಸಿಜನ್ನೂ ಇದೆ, ಹೈಡ್ರೋಜನ್ನೂ ಇದೆ. ಆದರೆ ಹೈಡ್ರೋಜನ್‌ಗಳೆಲ್ಲ ಕಾರ್ಬನ್ನಿಗೆ ಕಟ್ಟಿವೆ. ಹಾಗಾಗಿ ಅಸಿಟೋನ್ ಅಣುಗಳು ತಮ್ಮತಮ್ಮೊಳಗೆ ಹೈಡ್ರೋಜನ್ ಬಂಧ ಮಾಡಿಕೊಳ್ಳುವುದಿಲ್ಲ.

ಜೋರಿನ ಲೆಕ್ಕ ಹೀಗಿದೆ. ನೀರಿನ ಅಣುವಿನ ಒಳಗಿನ ಒಂದು ಆಕ್ಸಿಜನ್-ಹೈಡ್ರೋಜನ್ ಬಂಧ ಒಡೆಯಲು ಮೋಲ್‌ಗೆ (ಮೋಲ್ ಅಂದರೆ ಕಣಗಳನ್ನು ಎಣಿಸುವ ದೊಡ್ಡ ಅಳತೆ) ಸುಮಾರು 460 ಕಿಲೋಜೂಲ್ ಬೇಕು. ಅಣುಗಳ ನಡುವಿನ ಒಂದು ಹೈಡ್ರೋಜನ್ ಬಂಧಕ್ಕೆ ಸುಮಾರು 20 ಸಾಕು. ಗಂಜಿಯ ಪಾತ್ರೆಯಲ್ಲಿ ಸೋಲುವುದು ಈ 20ರದ್ದು. 460ರದ್ದು ಅಲ್ಲಾಡುವುದೂ ಇಲ್ಲ.

ಲಂಡನ್ ಬಲವನ್ನು ಮಕ್ಕಳು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. 'ಅದು ಎಲ್ಲಕ್ಕಿಂತ ದುರ್ಬಲ' ಅಂತ ಕಲಿತು ಬಿಟ್ಟುಬಿಡುತ್ತಾರೆ. ಒಂದೊಂದಾಗಿ ನೋಡಿದರೆ ಅದು ದುರ್ಬಲ, ನಿಜ. ಆದರೆ ಅಣು ದೊಡ್ಡದಾದಷ್ಟೂ, ಎಲೆಕ್ಟ್ರಾನ್ ಜಾಸ್ತಿಯಾದಷ್ಟೂ ಅದು ಕೂಡಿ ಕೂಡಿ ಬೆಳೆಯುತ್ತದೆ. ಕ್ಲೋರಿನ್ ಅನಿಲ, ಬ್ರೋಮಿನ್ ದ್ರವ, ಅಯೋಡಿನ್ ಘನ. ಮೂರರಲ್ಲೂ ಇರುವುದು ಲಂಡನ್ ಬಲ ಒಂದೇ. ಇನ್ನೂ ಒಂದು ನೋಡಿ. ಹೈಡ್ರೋಜನ್ ಕ್ಲೋರೈಡ್ ಹೆಚ್ಚು ಧ್ರುವೀಯ, ಹೈಡ್ರೋಜನ್ ಅಯೋಡೈಡ್ ಕಡಿಮೆ. ಆದರೆ ಕುದಿಬಿಂದು ಮೊದಲನೆಯದಕ್ಕೆ ಮೈನಸ್ 85, ಎರಡನೆಯದಕ್ಕೆ ಮೈನಸ್ 35 ಡಿಗ್ರಿ. ಗೆದ್ದದ್ದು ಧ್ರುವೀಯತೆ ಅಲ್ಲ, ದೊಡ್ಡ ಅಯೋಡಿನ್ನಿನ ಲಂಡನ್ ಬಲ.

ಇದನ್ನು ಕಣ್ಣಾರೆ ಕಾಣಬೇಕಾ? ಡಿಸೆಂಬರ್, ಜನವರಿಯ ಬೆಳಿಗ್ಗೆ ತೆಂಗಿನೆಣ್ಣೆ ಬಾಟಲಿ ನೋಡಿ. ಬದಿಯಡ್ಕ, ಪೆರ್ಲದ ಕಡೆ ಚಳಿ ಸ್ವಲ್ಪ ಕಚ್ಚಿದ ದಿನ ಎಣ್ಣೆ ಬೆಣ್ಣೆಯ ಹಾಗೆ ಕಟ್ಟಿರುತ್ತದೆ. ತಲೆಗೆ ಹಚ್ಚಲು ಅಮ್ಮ ಅದನ್ನು ಅಂಗಳದ ಬಿಸಿಲಿಗಿಡುತ್ತಾರೆ. ಅದೇ ಕಪಾಟಿನ ಸೂರ್ಯಕಾಂತಿ ಎಣ್ಣೆ ನೀರಾಗಿಯೇ ಇರುತ್ತದೆ. ಎರಡರಲ್ಲೂ ಹೈಡ್ರೋಜನ್ ಬಂಧದ ಆಟ ಇಲ್ಲ. ತೆಂಗಿನೆಣ್ಣೆಯ ಉದ್ದ ಸರಪಳಿಗಳಲ್ಲಿ ಸುಮಾರು ನೂರಕ್ಕೆ ತೊಂಬತ್ತು ಸಂತೃಪ್ತ, ಅಂದರೆ ದ್ವಿಬಂಧ ಇಲ್ಲದವು. ಅವು ನೆಟ್ಟಗಿರುತ್ತವೆ, ಕಟ್ಟಿಗೆ ಒಟ್ಟಿದ ಹಾಗೆ ಒತ್ತಾಗಿ ಕೂರುತ್ತವೆ. ಒತ್ತಾಗಿ ಕೂತಷ್ಟೂ ಲಂಡನ್ ಬಲ ಜಾಸ್ತಿ. ಸುಮಾರು 24 ಡಿಗ್ರಿಗಿಂತ ಕೆಳಗೆ ಇಳಿದರೆ ಎಣ್ಣೆ ಕಟ್ಟುತ್ತದೆ. ಸೂರ್ಯಕಾಂತಿ ಎಣ್ಣೆಯ ಸರಪಳಿಗಳಲ್ಲಿ ದ್ವಿಬಂಧ ಇರುವಲ್ಲಿ ಸೊಟ್ಟಾಗಿರುತ್ತದೆ. ಸೊಟ್ಟ ಕಟ್ಟಿಗೆಯನ್ನು ಒಟ್ಟಿ ನೋಡಿದವರಿಗೆ ಗೊತ್ತು, ನಡುವೆ ಎಷ್ಟು ಜಾಗ ಪೋಲಾಗುತ್ತದೆ ಅಂತ.

ಮಳೆಗಾಲದವರಿಗೆ ಬೇರೆ ಪ್ರಯೋಗ. ಪತ್ರೊಡೆಗೆ ತಂದ ಕೆಸುವಿನ ಎಲೆಯ ಮೇಲೆ ಒಂದು ಹನಿ ನೀರು, ಒಂದು ಹನಿ ತೆಂಗಿನೆಣ್ಣೆ ಬಿಡಿ. ನೀರು ಮಣಿಯಾಗಿ ಉರುಳುತ್ತದೆ, ಎಣ್ಣೆ ಹರಡಿ ಅಂಟುತ್ತದೆ. ಎಲೆಯ ಮೇಲೆ ಮೇಣದ ಪದರ ಇದೆ. ಮೇಣ ಅಧ್ರುವೀಯ. ಕಣ್ಣಿಗೆ ಕಾಣದ ಸಣ್ಣ ಉಬ್ಬುತಗ್ಗುಗಳೂ ನೀರಿಗೆ ಹಿಡಿ ಸಿಗದ ಹಾಗೆ ಮಾಡುತ್ತವೆ. ನೀರಿನ ಅಣುಗಳಿಗೆ ಮೇಣಕ್ಕಿಂತ ತಮ್ಮತಮ್ಮೊಳಗಿನ ಹೈಡ್ರೋಜನ್ ಬಂಧವೇ ಹೆಚ್ಚು, ಹಾಗಾಗಿ ಒಟ್ಟಾಗಿ ಮುದುಡುತ್ತವೆ.

ಬಾಚಣಿಗೆಯನ್ನು ತಲೆಗೆ ಉಜ್ಜಿ ನಳ್ಳಿಯ ಸಣ್ಣ ಧಾರೆಯ ಹತ್ತಿರ ಹಿಡಿಯುವ ಪ್ರಯೋಗವನ್ನು ಜೂನ್ ತಿಂಗಳಲ್ಲಿ ಮಾಡಿ ಬೇಸರ ಪಡಬೇಡಿ. ನಮ್ಮ ಕಡೆಯ ತೇವದ ಗಾಳಿಯಲ್ಲಿ ಬಾಚಣಿಗೆಯ ವಿದ್ಯುದಂಶ ನಿಲ್ಲುವುದೇ ಇಲ್ಲ. ಜನವರಿಯಲ್ಲಿ ಮಾಡಿ, ಧಾರೆ ಬಾಗುತ್ತದೆ. ಆದರೆ ಇದೊಂದೇ ಸಾಕ್ಷಿ ಹಿಡಿದು ನೀರು ಧ್ರುವೀಯ ಅಂತ ಸಾಧಿಸಲು ಹೋಗಬೇಡಿ. ಧಾರೆಗೇ ವಿದ್ಯುದಂಶ ಬರುವುದೂ ಅದರಲ್ಲಿ ಸೇರಿದೆ.

'ಸಮಾನವಾದದ್ದು ಸಮಾನವಾದದ್ದರಲ್ಲಿ ಕರಗುತ್ತದೆ', ಅಂದರೆ ಧ್ರುವೀಯ ಧ್ರುವೀಯದಲ್ಲಿ, ಅಧ್ರುವೀಯ ಅಧ್ರುವೀಯದಲ್ಲಿ, ಅನ್ನುವ ಸೂತ್ರ ನಮ್ಮ ಜಿಲ್ಲೆಯವರಿಗೆ ಬರೀ ಪರೀಕ್ಷೆಯ ಮಾತಲ್ಲ. ಎಣ್ಮಕಜೆಯ ಪಡ್ರೆಯಂಥ ಊರುಗಳಲ್ಲಿ ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಕೊಬ್ಬಿನಲ್ಲಿ ಕರಗುತ್ತದೆ, ಮಣ್ಣಿನ ಕಣಕ್ಕೆ ಅಂಟುತ್ತದೆ. ಮಳೆ ಬಂದು ತೊಳೆದು ಹೋಯಿತು ಅನ್ನುವ ಹಾಗಿಲ್ಲ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲಿ ತಡೆದದ್ದು 2011ರಲ್ಲಿ.

ಐದನೇ ಹೆಜ್ಜೆ: ಉತ್ತರ ಬರೆಯುವ ಕ್ರಮ

"ನೀರು 100 ಡಿಗ್ರಿಯಲ್ಲಿ ಕುದಿಯುತ್ತದೆ, ಹೈಡ್ರೋಜನ್ ಸಲ್ಫೈಡ್ ಮೈನಸ್ 60ರಲ್ಲಿ. ಯಾಕೆ?" ಅಂತ ಬಂದರೆ ಹೆಚ್ಚಿನವರು ಬರೆಯುವುದು 'ನೀರಿನಲ್ಲಿ ಹೈಡ್ರೋಜನ್ ಬಂಧ ಇದೆ' ಎಂಬ ಒಂದೇ ವಾಕ್ಯ. ಅರ್ಧ ಮಾರ್ಕಿನ ಉತ್ತರ ಅದು. ಹೀಗೆ ಬರೆಯಿರಿ: "ಎರಡೂ ಸಹವೇಲೆನ್ಸಿ ಅಣುಗಳು. ಕುದಿಯುವಾಗ ಮೀರಬೇಕಾದದ್ದು ಅಣುಗಳ ನಡುವಿನ ಆಕರ್ಷಣೆ. ನೀರಿನಲ್ಲಿ ಹೈಡ್ರೋಜನ್ ನೇರವಾಗಿ ಆಕ್ಸಿಜನ್‌ಗೆ ಕಟ್ಟಿರುವುದರಿಂದ ಅಣುಗಳ ನಡುವೆ ಹೈಡ್ರೋಜನ್ ಬಂಧ ಇದೆ. ಸಲ್ಫರಿನ ಎಲೆಕ್ಟ್ರೋನೆಗೆಟಿವಿಟಿ ಕಡಿಮೆ, ಗಾತ್ರ ದೊಡ್ಡದು. ಹಾಗಾಗಿ ಅಲ್ಲಿ ಅಂಥ ಗಟ್ಟಿ ಆಕರ್ಷಣೆ ಇಲ್ಲ." ಯಾವ ಕಣ, ಏನು ಮೀರಬೇಕು, ಯಾಕೆ ಹೆಚ್ಚು ಕಡಿಮೆ: ಈ ಕ್ರಮ ತಪ್ಪಬೇಡಿ.

ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಇಂಗ್ಲಿಷಿನ ಪ್ಲಸ್ ಒನ್ ಸೇರುವವರಿಗೆ ಇನ್ನೊಂದು ಮಾತು. ಒಂದೇ ಪುಟದಲ್ಲಿ ಎರಡು ಸಾಲು ಮಾಡಿ: ಸಹವೇಲೆನ್ಸಿ ಬಂಧದ ಎದುರು ಕೋವೇಲೆಂಟ್ ಬಾಂಡ್, ಧ್ರುವೀಯದ ಎದುರು ಪೋಲಾರ್, ಕುದಿಬಿಂದುವಿನ ಎದುರು ಬಾಯ್ಲಿಂಗ್ ಪಾಯಿಂಟ್. ಮೂವತ್ತು ಪದ ದಾಟುವುದಿಲ್ಲ. ರಜೆಯಲ್ಲೇ ಮುಗಿಸಿ.

ಆರನೇ ಹೆಜ್ಜೆ: ಒಂದು ಹರಳಿನಲ್ಲಿ ಎಲ್ಲವನ್ನೂ ಹುಡುಕಿ

ಅಡಿಕೆ ತೋಟ ಇರುವ ಮನೆಯಲ್ಲಿ ಮೈಲುತುತ್ತು ಇದ್ದೇ ಇರುತ್ತದೆ. ಅಡಿಕೆಗೆ ಮಹಾಳಿ (ಕೊಳೆರೋಗ) ಬಾರದಂತೆ ಮದ್ದು ಬಿಡಲು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಬೋರ್ಡೋ ದ್ರಾವಣ ಅಂದರೆ ಇದೇ. ಒಂದು ನೀಲಿ ಹರಳನ್ನು ಕಾಗದದ ಮೇಲಿಟ್ಟು ನೋಡಿ. ಅದು ವಿಷ, ಬಾಯಿಗೆ ಕಣ್ಣಿಗೆ ತಾಗಿಸಬೇಡಿ, ಆಮೇಲೆ ಕೈ ತೊಳೆಯಿರಿ.

ಇದು ನೀರು ಸೇರಿದ ಕಾಪರ್ ಸಲ್ಫೇಟ್. ಒಂದು ತಾಮ್ರಕ್ಕೆ ಐದು ನೀರಿನ ಅಣು. ತಾಮ್ರದ ಅಯಾನು ಮತ್ತು ಸಲ್ಫೇಟ್ ಅಯಾನುಗಳ ನಡುವೆ ಅಯಾನಿಕ ಆಕರ್ಷಣೆ. ಸಲ್ಫೇಟಿನ ಒಳಗೆ ಸಲ್ಫರಿಗೂ ಆಕ್ಸಿಜನ್‌ಗಳಿಗೂ ಸಹವೇಲೆನ್ಸಿ ಬಂಧ. ನಾಲ್ಕು ನೀರಿನ ಅಣುಗಳು ತಮ್ಮ ಎಲೆಕ್ಟ್ರಾನ್ ಜೋಡಿಯನ್ನು ತಾಮ್ರಕ್ಕೆ ಕೊಟ್ಟು ಅದರ ಸುತ್ತ ಚೌಕವಾಗಿ ನಿಂತಿವೆ. ಇದು ಕೋಆರ್ಡಿನೇಟ್ ಬಂಧ, ಜೋಡಿ ಪೂರ್ತಿ ಒಬ್ಬರದ್ದೇ. ಐದನೇ ನೀರು ತಾಮ್ರವನ್ನು ಮುಟ್ಟುವುದಿಲ್ಲ. ಅದನ್ನು ಹರಳಿನಲ್ಲಿ ಹಿಡಿದಿರುವುದು ಹೈಡ್ರೋಜನ್ ಬಂಧ. ಎಡಪುಟ ಬಲಪುಟ ಎರಡೂ ಒಂದೇ ಹರಳಿಗೆ ತುಂಬಿ ಹೋಯಿತು.

ಶಾಲೆಯ ಲ್ಯಾಬಿನಲ್ಲಿ ಇದನ್ನು ಬಿಸಿ ಮಾಡಿದರೆ ನೀಲಿ ಹೋಗಿ ಬಿಳಿಯಾಗುತ್ತದೆ. ಒಂದು ಹನಿ ನೀರು ಬಿಟ್ಟರೆ ಮತ್ತೆ ನೀಲಿ. ಬಣ್ಣ ಬರುವುದು ತಾಮ್ರದ ಸುತ್ತ ನೀರು ನಿಂತದ್ದರಿಂದ. ಮನೆಯ ಒಲೆಯಲ್ಲಿ ಇದನ್ನು ಮಾಡಬೇಡಿ. ಅದರ ಬದಲು ಅಪ್ಪನೋ ಅಜ್ಜನೋ ಮದ್ದು ಕಲಸುವಾಗ ಹತ್ತಿರ ನಿಂತು ನೋಡಿ. ಕಬ್ಬಿಣದ ಬಕೆಟ್ ಮುಟ್ಟುವುದಿಲ್ಲ, ಪ್ಲಾಸ್ಟಿಕ್ ಡ್ರಮ್ಮೇ ಬೇಕು. ಕೊನೆಗೆ ಹೊಳೆಯುವ ಕತ್ತಿಯ ತುದಿ ಅದ್ದಿ ತೆಗೆಯುತ್ತಾರೆ. ತುದಿಯಲ್ಲಿ ಕೆಂಪು ಕೂತರೆ ಇನ್ನೂ ಸುಣ್ಣ ಬೇಕು ಅಂತ ಲೆಕ್ಕ. ಕಬ್ಬಿಣ ತನ್ನ ಎಲೆಕ್ಟ್ರಾನನ್ನು ತಾಮ್ರದ ಅಯಾನಿಗೆ ಬಿಟ್ಟುಕೊಟ್ಟಿದೆ, ಆ ಕೆಂಪು ಶುದ್ಧ ತಾಮ್ರ.

ಇವತ್ತು ರಾತ್ರಿ ಮಾಡಲು ನಾಲ್ಕು ಪ್ರಶ್ನೆ. ಎರಡೂ ಪುಟ ನೋಡಿಯೇ ಉತ್ತರ ಬರೆಯಿರಿ.

ಮುಚ್ಚಳ ತೆರೆದಿಟ್ಟ ಡಬ್ಬಿಯ ಕರ್ಪೂರ ವಾರ ಕಳೆದಂತೆ ಸಣ್ಣದಾಗುತ್ತದೆ, ಉಪ್ಪು ಯಾಕೆ ಹಾಗಾಗುವುದಿಲ್ಲ?

ಎಥನಾಲ್ 78 ಡಿಗ್ರಿಯಲ್ಲಿ ಕುದಿಯುತ್ತದೆ, ಡೈಮೀಥೈಲ್ ಈಥರ್ ಮೈನಸ್ 24ರಲ್ಲಿ. ಎರಡಕ್ಕೂ ಅಣುಸೂತ್ರ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು?

ಉಪ್ಪು 801 ಡಿಗ್ರಿಯಲ್ಲಿ ಕರಗುತ್ತದೆ, ಮೆಗ್ನೀಸಿಯಂ ಆಕ್ಸೈಡಿಗೆ ಸುಮಾರು 2850 ಬೇಕು. ಅಯಾನುಗಳ ಮೇಲಿನ ವಿದ್ಯುದಂಶ ಎಷ್ಟೆಷ್ಟು ಅಂತ ಮೊದಲು ಬರೆದು ನೋಡಿ.

ಫ್ಲೋರಿನ್ ಆಕ್ಸಿಜನ್ನಿಗಿಂತ ಜೋರಾಗಿ ಎಳೆಯುತ್ತದೆ. ಆದರೂ ಹೈಡ್ರೋಜನ್ ಫ್ಲೋರೈಡ್ 19.5 ಡಿಗ್ರಿಯಲ್ಲೇ ಕುದಿಯುತ್ತದೆ, ನೀರಿಗೆ 100 ಬೇಕು. ನನ್ನ ಗಂಜಿಯ ಹುಡುಗಿ ಇದಕ್ಕೆ ಎರಡು ದಿನ ತೆಗೆದುಕೊಂಡಳು. ಸುಳಿವು ಬೇಕಾದರೆ, ನೀರಿನ ಒಂದು ಅಣು ಒಟ್ಟು ಎಷ್ಟು ಹೈಡ್ರೋಜನ್ ಬಂಧ ಹಿಡಿಯಬಲ್ಲುದು ಅಂತ ಚಿತ್ರ ಬರೆದು ಎಣಿಸಿ.